ಚೀಟಿ ಇದ್ದವರಿಗೆ ಮಾತ್ರೆ ಇಲ್ಲ, ಇಲ್ಲದವರಿಗೆ ಡಬ್ಬಿಗಟ್ಟಲೆ

ಮಾನ್ಯ ಸಂಪಾದಕರೇ,

ನಶೆಗಾಗಿ ಚೀಟಿ ಇಲ್ಲದೆ ನೋವಿನ ಮಾತ್ರೆ ಮಾರುತ್ತಿದ್ದ ಅಂಗಡಿಯ ಮೇಲೆ ನಡೆದ ದಾಳಿಯ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಎಲ್ಲರೂ ಓದಿದ್ದಾರೆ. ಬಸ್ ನಿಲ್ದಾಣದ ಹಿಂದಿನ ಆ ಮೆಡಿಕಲ್ ಶಾಪು, ಸಂಜೆಯಾದರೆ ಅದರ ಪಕ್ಕದ ಓಣಿಯಲ್ಲಿ ಗುಂಪುಗೂಡುತ್ತಿದ್ದ ಹುಡುಗರು, ಇದ್ಯಾವುದೂ ನಮ್ಮ ಬಡಾವಣೆಗೆ ಹೊಸದಲ್ಲ. ವಶಪಡಿಸಿಕೊಂಡ ಡಬ್ಬಿಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, ಅದರ ಹಿಂದೆ ಸಾಲಾಗಿ ನಿಂತು ಅಧಿಕಾರಿಗಳು ತೆಗೆಸಿಕೊಂಡ ಫೋಟೋ ಚೆನ್ನಾಗಿ ಬಂದಿದೆ. ಅಭಿನಂದನೆಗಳು. ಆದರೆ ಆ ಫೋಟೋ ಅಚ್ಚಾದ ದಿನದಿಂದ ಊರಿನ ಒಂದು ಅಂಗಡಿಯಲ್ಲೂ ನಮ್ಮಮ್ಮನ ಮಾತ್ರೆ ಸಿಗುತ್ತಿಲ್ಲ. ಅದು ಮಾತ್ರ ವರದಿಯಾಗಿಲ್ಲ.

ಅಮ್ಮನಿಗೆ ಎಂಬತ್ತು ದಾಟಿದೆ. ಸರ್ಪಸುತ್ತು ಬಂತು, ಗುಳ್ಳೆ ಒಣಗಿ ಉದುರಿತು, ನೋವು ಮಾತ್ರ ಹೋಗಲೇ ಇಲ್ಲ. ಎಡ ಪಕ್ಕೆಯಿಂದ ಬೆನ್ನಿನವರೆಗೆ ಒಂದು ಪಟ್ಟಿಯಷ್ಟು ಜಾಗ. ಸೆರಗು ತಾಕಿದರೂ ಉರಿ, ಫ್ಯಾನಿನ ಗಾಳಿ ಬಿದ್ದರೂ ಉರಿ. ರವಿಕೆ ತೊಡಲಾಗದೆ ಹಳೆಯ ಮೆತ್ತನೆಯ ಪಂಚೆ ಹೊದ್ದು ಕೂರುತ್ತಿದ್ದರು. ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಒಳಕೋಣೆಗೆ ಹೋಗುತ್ತಿದ್ದರು. ವೈರಸ್ಸು ನರವನ್ನೇ ಕೆಡಿಸಿ ಹೋಗಿರುವುದರಿಂದ ಮಾಮೂಲಿ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲವಂತೆ. ನಾಟುವಂತಿದ್ದರೂ ಅದನ್ನು ತಾಳುವಷ್ಟು ಶಕ್ತಿ ಅವರ ಮೂತ್ರಪಿಂಡಕ್ಕಿಲ್ಲ. ನರದ ನೋವಿಗೆಂದು ಪ್ರಿಗ್ಯಾಬಲಿನ್ ಮಾತ್ರೆ ಕೊಟ್ಟು ನೋಡಿದರು, ತಲೆ ಸುತ್ತಿ ಬಚ್ಚಲಲ್ಲಿ ಬಿದ್ದರು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನೋವಿನ ಚಿಕಿತ್ಸೆಯ ವೈದ್ಯರು ಅಳೆದು ಸುರಿದು, ಅಫೀಮಿನ ಜಾತಿಗೆ ಸೇರಿದ ನೋವಿನ ಮಾತ್ರೆ ಟ್ರಮಡಾಲನ್ನು ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟರು. ಬರೆಯುವ ಮುಂಚೆ ಅವರು ಕೇಳಿದ ಪ್ರಶ್ನೆಗಳನ್ನು ಪೊಲೀಸರೂ ಕೇಳಲಾರರು. ಮನೆಯಲ್ಲಿ ಯಾರಿಗಾದರೂ ಚಟ ಇದೆಯೇ, ಅಜ್ಜಿ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಮಾತ್ರೆ ಯಾರ ವಶದಲ್ಲಿರುತ್ತದೆ, ಮನೆಯಲ್ಲಿ ವಯಸ್ಸಿಗೆ ಬಂದ ಮಕ್ಕಳಿದ್ದಾರೆಯೇ. ಮಲಬದ್ಧತೆಯಾಗುತ್ತದೆಂದು ಅದಕ್ಕೂ ಜೊತೆಯಲ್ಲೇ ಔಷಧಿ ಬರೆದರು. ಪ್ರಮಾಣ ನೀವೇ ಏರಿಸಬೇಡಿ, ನೀವೇ ನಿಲ್ಲಿಸಲೂ ಬೇಡಿ ಎಂದರು. ನೋವು ಪೂರ್ತಿ ಹೋಗಲಿಲ್ಲ. ಆದರೆ ಅಮ್ಮ ರಾತ್ರಿ ಮಲಗಿದರು, ಬೆಳಿಗ್ಗೆ ರವಿಕೆ ತೊಟ್ಟು ಜಗಲಿಗೆ ಬಂದು ಕೂತರು. ನಮಗೆ ಅಷ್ಟೇ ಬೇಕಿತ್ತು.

ಈಗ ಆ ಚೀಟಿ ಹಿಡಿದು ಅಂಗಡಿ ಅಂಗಡಿ ಅಲೆಯುತ್ತಿದ್ದೇನೆ. ಒಬ್ಬ ಚೀಟಿಯನ್ನು ಪೂರ್ತಿ ಬಿಡಿಸುವ ಮುಂಚೆಯೇ ‘ಸ್ಟಾಕ್ ಇಲ್ಲ’ ಎಂದ. ಇನ್ನೊಬ್ಬ ದನಿ ತಗ್ಗಿಸಿ, ‘ಇಡಲೇಬೇಡಿ ಅಂತ ಮೇಲಿಂದ ಬಾಯಿಮಾತಲ್ಲಿ ಹೇಳಿದ್ದಾರೆ ಸಾರ್, ಬರೆದೇನೂ ಕೊಟ್ಟಿಲ್ಲ’ ಎಂದ. ಮತ್ತೊಂದು ಕಡೆ ಕೌಂಟರಿನ ಹುಡುಗ ಚೀಟಿ ನೋಡಿದ, ನನ್ನ ಮುಖ ನೋಡಿದ, ಆಮೇಲೆ ನನ್ನ ತೋಳು ನೋಡಿದ. ಸೂಜಿ ಗುರುತು ಹುಡುಕಿದನೋ ಏನೋ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ ಮನುಷ್ಯ ನಾನು. ಆ ಹುಡುಗನ ಅಪ್ಪನೂ ನನ್ನ ಕ್ಲಾಸಿನಲ್ಲಿ ಕೂತಿದ್ದಿರಬಹುದು. ಕೊನೆಗೆ ಅವನು, ‘ಪೇಶೆಂಟನ್ನೇ ಕರ್ಕೊಂಡು ಬನ್ನಿ ಅಂಕಲ್’ ಎಂದ. ಅದೇ ಹೊತ್ತಿಗೆ ನನ್ನ ಪಕ್ಕಕ್ಕೆ ಬಂದವರೊಬ್ಬರು ‘ಸೊಂಟ ಹಿಡ್ಕೊಂಡಿದೆ’ ಎಂದರು, ಅಷ್ಟೇ. ಚೀಟಿ ಇಲ್ಲ, ಪ್ರಶ್ನೆ ಇಲ್ಲ, ಡೈಕ್ಲೋಫೆನಾಕ್ ಸ್ಟ್ರಿಪ್ಪು ಪೊಟ್ಟಣ ಸೇರಿತು. ಅದನ್ನೂ ಚೀಟಿ ಇಲ್ಲದೆ ಕೊಡುವಂತಿಲ್ಲ. ಹೊಟ್ಟೆಯಲ್ಲಿ ರಕ್ತ ಒಸರಿಸುವುದೂ ಮೂತ್ರಪಿಂಡ ಹಾಳು ಮಾಡುವುದೂ ಅಂಥ ಮಾತ್ರೆಗಳೇ. ಅದಕ್ಕೆ ದಾಳಿ ಇಲ್ಲ, ಫೋಟೋ ಇಲ್ಲ. ನಾನು ಜೋರು ಮಾಡಿದ್ದಕ್ಕೆ ಮಾಲೀಕರು ಒಳಗಿಂದ ಬಂದು, ‘ನಮಗ್ಯಾಕೆ ಸಾರ್ ಈ ತಲೆನೋವು’ ಎಂದರು. ಅದಕ್ಕೆ ಅವರಲ್ಲಿ ಮಾತ್ರೆ ಇದೆ ಬಿಡಿ.

ಮನೆಯಲ್ಲಿದ್ದದ್ದು ಮುಗಿಯಿತು. ಅಮ್ಮನಿಗೆ ಒಂದೇ ಸಮನೆ ಆಕಳಿಕೆ, ಮೂಗು ಕಣ್ಣಿನಲ್ಲಿ ನೀರು, ಕೈಮೇಲೆ ರೋಮ ನಿಮಿರಿ ನಿಂತಿತು, ಭೇದಿ, ಕಾಲು ಒಂದು ಕಡೆ ಇಡಲಾಗದ ಚಡಪಡಿಕೆ. ಇದರ ಮೇಲೆ ಆ ಹಳೇ ಉರಿ. ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದರೆ ಡ್ಯೂಟಿ ಡಾಕ್ಟರು ಚೀಟಿ ನೋಡಿ, ಅಮ್ಮನಿಗೆ ಕೇಳಿಸುವ ಹಾಗೆಯೇ, ‘ಅಜ್ಜಿ ಅಡಿಕ್ಟ್ ಆಗಿಬಿಟ್ಟಿದ್ದಾರೆ’ ಎಂದರು. ಸ್ವಾಮಿ, ವರ್ಷಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರಿಗೂ ಅದನ್ನು ಹಠಾತ್ತನೆ ನಿಲ್ಲಿಸಿದರೆ ದೇಹ ತಿರುಗಿಬೀಳುತ್ತದೆ. ಅವರನ್ನು ಯಾರೂ ಚಟಗಾರರು ಎನ್ನುವುದಿಲ್ಲ. ಈ ಜಾತಿಯ ಔಷಧಿಯನ್ನು ದಿನಾ ತೆಗೆದುಕೊಂಡರೆ ಮೈ ಅದಕ್ಕೆ ಒಗ್ಗುತ್ತದೆ, ಹಾಗಾಗಿ ಬಿಡಿಸುವಾಗ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಹಾಳಾಗುತ್ತೇನೆಂದು ಗೊತ್ತಿದ್ದೂ ಕೈ ತಡೆಯಲಾಗದೆ ಮತ್ತೆ ಮತ್ತೆ ನುಂಗುವ ಚಟ ಬೇರೆ. ಅಮ್ಮ ಒಂದು ಮಾತ್ರೆ ಹೆಚ್ಚಿಗೆ ಕೇಳಿದವರಲ್ಲ. ಸಿಗದಿದ್ದರೆ ಬಿಡು, ನಿನಗ್ಯಾಕೆ ಅಲೆದಾಟ ಎನ್ನುವವರು. ಕಡೆಗೆ ತಂಗಿಯ ಮಗ ಬೆಂಗಳೂರಿನ ಅದೇ ಆಸ್ಪತ್ರೆಯ ಔಷಧಾಲಯದಿಂದ ತೆಗೆದುಕೊಂಡು ರಾತ್ರಿ ಬಸ್ಸಿನಲ್ಲಿ ತಂದುಕೊಟ್ಟ. ಬಸ್ಸಿನಲ್ಲಿ ಯಾರಾದರೂ ಚೀಲ ತಪಾಸಣೆ ಮಾಡಿಯಾರೆಂದು ಆ ಹುಡುಗ ದಾರಿಯುದ್ದಕ್ಕೂ ನಿದ್ದೆ ಮಾಡಿಲ್ಲ.

ಈ ಮಾತ್ರೆ ಸಾಧು ಎಂದು ನಾನು ವಾದಿಸುತ್ತಿಲ್ಲ. 2019ರಲ್ಲಿ ಪ್ರಕಟವಾದ ದೆಹಲಿಯ ಏಮ್ಸ್ ಸಮೀಕ್ಷೆಯ ಪ್ರಕಾರ ದೇಶದ ಜನರಲ್ಲಿ ಶೇ 2ರಷ್ಟು ಮಂದಿ ಅಫೀಮು, ಹೆರಾಯಿನ್ ಅಥವಾ ಇಂಥ ಔಷಧಿಗಳನ್ನು ಬಳಸುತ್ತಾರೆ. ಔಷಧಿಗಳ ಪಾಲೇ ಶೇ 1ರ ಹತ್ತಿರ. ಸಂಪಾದಕರಿಗೆ ಬರೆಯುವ ಪತ್ರಕ್ಕೆ ಯಾರೂ ಕಿಮ್ಮತ್ತು ಕೊಡುವುದಿಲ್ಲ ಅನ್ನುತ್ತಾರಲ್ಲ, 1980ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರ ಸಂಪಾದಕರಿಗೆ ಐದೇ ವಾಕ್ಯಗಳ ಒಂದು ಪತ್ರ ಹೋಯಿತು. ಆಸ್ಪತ್ರೆಯಲ್ಲಿ ಇಂಥ ಔಷಧಿ ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದವರು ನಾಲ್ವರು ಮಾತ್ರ ಎಂದು ಅದರ ಸಾರ. ಹಾಸಿಗೆಯ ಮೇಲಿದ್ದ ರೋಗಿಗಳ ಲೆಕ್ಕವನ್ನು ಮನೆಗೆ ಒಯ್ದು ವರ್ಷಗಟ್ಟಲೆ ನುಂಗುವವರಿಗೂ ಅನ್ವಯಿಸಿದರು, ನೂರಾರು ಲೇಖನಗಳಲ್ಲಿ ಅದನ್ನೇ ಆಧಾರವೆಂದು ತೋರಿಸಿದರು. 1996ರಲ್ಲಿ ಮಾರುಕಟ್ಟೆಗೆ ಬಂದ, ಇದೇ ಜಾತಿಯ ನೋವಿನ ಮಾತ್ರೆ ಆಕ್ಸಿಕಾಂಟಿನ್‌ನ ಕಂಪನಿ ಪರ್ಡ್ಯೂ, ಚಟದ ಅಪಾಯದ ಬಗ್ಗೆ ದಾರಿ ತಪ್ಪಿಸಿದ್ದಾಗಿ 2007ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಸೊಂಟ, ಮಂಡಿಯ ದೀರ್ಘಕಾಲದ ನೋವಿಗೆ ಇವು ಬೇರೆ ಮಾತ್ರೆಗಳಿಗಿಂತ ಹೆಚ್ಚಿನ ಗುಣವನ್ನೇನೂ ಕೊಡುವುದಿಲ್ಲ ಎಂದು ಅಲ್ಲಿಯೇ ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ತೋರಿಸಿದ್ದೂ ಆಯಿತು. ಸರಿ. ಆದರೆ ಆಮೇಲೇನಾಯಿತು? ಈ ಮಾತ್ರೆಗಳನ್ನು ಹೇಗೆ ಬರೆಯಬೇಕೆಂದು ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ ಹೊರಡಿಸಿದ 2016ರ ಮಾರ್ಗಸೂಚಿ ಬಂದದ್ದೇ ತಡ, ಹೆದರಿದ ವೈದ್ಯರು ರೋಗಿಗಳ ಮಾತ್ರೆಯನ್ನು ಕತ್ತರಿಸಿ ಬಿಸಾಡಿದರು. ಹಾಗೆ ಒಮ್ಮೆಲೇ ನಿಲ್ಲಿಸುವುದು ಅಪಾಯ, ಆತ್ಮಹತ್ಯೆಗೂ ದೂಡೀತು ಎಂದು 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಬೇಕಾಯಿತು. 2022ರಲ್ಲಿ ಮಾರ್ಗಸೂಚಿಯನ್ನೇ ತಿದ್ದಿದರು. ನಮ್ಮವರು ಮೊದಲ ಅಧ್ಯಾಯ ಓದಿ ಪುಸ್ತಕ ಮುಚ್ಚಿದ್ದಾರೆ.

ಅಮೆರಿಕ ಯಾಕೆ, ನಮ್ಮದೇ ಕಥೆ ಇದೆ. 1985ರಲ್ಲಿ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಲೈಸೆನ್ಸು, ಪರ್ಮಿಟ್ಟು, ಜೈಲಿನ ಭಯಕ್ಕೆ ಆಸ್ಪತ್ರೆಗಳು ಅಫೀಮಿನಿಂದ ತೆಗೆಯುವ ನೋವಿನ ಔಷಧಿ ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ವರ್ಷದ ಬಳಕೆ 18 ಕಿಲೋಗೆ ಇಳಿದಿತ್ತು. ಇತ್ತ ನೀಮಚ್ ಮತ್ತು ಗಾಜೀಪುರದಲ್ಲಿ ಸರ್ಕಾರದ್ದೇ ಅಫೀಮು ಕಾರ್ಖಾನೆ. ಬೆಳೆದದ್ದು ಹೊರದೇಶಕ್ಕೆ ರಫ್ತು, ಇಲ್ಲಿನ ಕ್ಯಾನ್ಸರ್ ರೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು. ನೋವು ತಗ್ಗಿಸುವ ಚಿಕಿತ್ಸೆಯ ವೈದ್ಯರಾದ ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಾನುಗಟ್ಟಲೆ ಬಡಿದಾಡಿದ ಮೇಲೆ 2014ರಲ್ಲಿ ಈ ಬಿಗಿಯನ್ನು ಸಡಿಲಿಸುವ ತಿದ್ದುಪಡಿ ಕಾಯ್ದೆಗೆ ಬಂತು. ಟ್ರಮಡಾಲನ್ನು 2018ರಲ್ಲಿ ಅದೇ ಕಾಯ್ದೆಯಡಿ ತಂದರು. ತರಲಿ, ಬೇಡವೆಂದವರಾರು? ಚೀಟಿಯ ಮೇಲೆ ಮಾರಲು ಈಗಲೂ ಅಡ್ಡಿಯಿಲ್ಲ. ರೋಗಿಯ ಹೆಸರು, ವೈದ್ಯರ ಹೆಸರು, ಎಷ್ಟು ಕೊಟ್ಟೆ ಎಂಬುದನ್ನೆಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕೆಂಬ ಎಚ್1 ನಿಯಮ 2014ರಿಂದಲೇ ಇದೆ. ಆ ರಿಜಿಸ್ಟರನ್ನು ಔಷಧ ಇಲಾಖೆಯ ಇನ್‌ಸ್ಪೆಕ್ಟರು ತೆರೆದು ನೋಡಿದ್ದರೆ ಬಸ್ ನಿಲ್ದಾಣದ ಅಂಗಡಿ ಇಷ್ಟು ವರ್ಷ ನಡೆಯುತ್ತಿತ್ತೇ? ಸೋರಿಕೆ ಆಗುವುದು ಡಬ್ಬಿ ಲೆಕ್ಕದಲ್ಲಿ, ಸ್ಟ್ರಿಪ್ ಲೆಕ್ಕದಲ್ಲಲ್ಲ. ಇದೇ ಜಾತಿಯ ಟ್ಯಾಪೆಂಟಾಡಾಲ್‌ಗೆ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ನಮ್ಮ ದೇಶದ ಕಾರ್ಖಾನೆಯಿಂದ ಪಶ್ಚಿಮ ಆಫ್ರಿಕಾದ ಬೀದಿಗಳಿಗೆ ಹೋಗುತ್ತಿದ್ದದ್ದು 2025ರಲ್ಲಿ ಬಯಲಾಗಿ, ಅದರ ತಯಾರಿಕೆ ರಫ್ತುಗಳನ್ನು ಕೇಂದ್ರವೇ ನಿಲ್ಲಿಸಬೇಕಾಯಿತಲ್ಲ, ಆ ಸರಕಿಗೆ ಯಾವ ಅಜ್ಜಿಯ ಚೀಟಿ ಇತ್ತು?

ಈ ಇಲಾಖೆಯ ಚುರುಕುತನ ನನಗೆ ಹೊಸದಲ್ಲ. ಅವಧಿ ಮೀರಿದ ಕೆಮ್ಮಿನ ಸಿರಪ್ಪನ್ನು ದಿನಾಂಕದ ಮೇಲೆ ಬೆಲೆಚೀಟಿ ಅಂಟಿಸಿ ಮಾರುತ್ತಿದ್ದಾರೆಂದು ಬಾಟಲಿ ಸಮೇತ ದೂರು ಕೊಟ್ಟಿದ್ದೆ. ‘ಪರಿಶೀಲಿಸಲಾಗುವುದು’ ಎಂಬ ಮುದ್ರೆ ಬಿತ್ತು. ಬಾಟಲಿಯೂ ವಾಪಸ್ ಬರಲಿಲ್ಲ. ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನವರಿಗೆ ಊಟದ ಹೊತ್ತು ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆಂದು ಬಲ್ಲವರಿಲ್ಲ. ಅದರ ಮುಂದಿನ ಚರಂಡಿಯ ಚಪ್ಪಡಿ ಒಡೆದು ಯಾವ ಕಾಲವಾಯಿತೋ, ವೀಲ್‌ಚೇರ್ ದಾಟಿಸಲು ಇಬ್ಬರು ಎತ್ತಬೇಕು. ಅಮ್ಮನ ಕುಟುಂಬ ಪಿಂಚಣಿಗೂ ಇದೇ ರಾಗವಿತ್ತು, ಖುದ್ದಾಗಿ ಬರಬೇಕು ಎಂದು. ಬದುಕಿದ್ದೇನೆಂದು ತೋರಿಸಲು ಖಜಾನೆಗೆ, ನೋಯುತ್ತಿದೆ ಎಂದು ತೋರಿಸಲು ಮೆಡಿಕಲ್ ಶಾಪಿಗೆ. ಎಂಬತ್ತು ದಾಟಿದವರಿಗೆ ಒಳ್ಳೆಯ ವ್ಯಾಯಾಮ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಎಚ್ಚೆತ್ತುಕೊಂಡು ಚೀಟಿ ಇಲ್ಲದೆ ಮಾರುವ ಅಂಗಡಿಗಳ ಮೇಲೆ ಬಿಗಿ ಕ್ರಮ ಕೈಗೊಳ್ಳಬೇಕು. ಚೀಟಿ ಇದ್ದವರ ಮೇಲಿನ ಇಷ್ಟು ಬಿಗಿಯನ್ನು ಸಡಿಲಿಸಲೂಬೇಕು. ಬಾಯಿಮಾತಿನ ಆದೇಶ ಕೊಟ್ಟ ಮಹಾನುಭಾವರು ಅದನ್ನು ಬರೆದು ಸಹಿ ಹಾಕಿ ಕೊಡಲಿ, ಇಲ್ಲವೇ ನುಂಗಿಕೊಳ್ಳಲಿ. ಅದೂ ಆಗದಿದ್ದರೆ ಒಂದು ರಾತ್ರಿ ನಮ್ಮ ಮನೆಗೆ ಬಂದು ಅಮ್ಮನ ಪಕ್ಕ ಕೂರಲಿ, ಬೇಕಾದರೆ ಫೋಟೋ ತೆಗೆಯುವವರನ್ನೂ ಕರೆತರಲಿ. ನಾಚಿಕೆಯಾಗಬೇಕು ಇವರಿಗೆ.

ನನ್ನ ಹೆಸರು, ವಿಳಾಸ ಪ್ರಕಟಿಸಬೇಡಿ. ಇದೇ ಅಂಗಡಿಗಳ ಮುಂದೆ ಮುಂದಿನ ತಿಂಗಳೂ ಕೈ ಚಾಚಿ ನಿಲ್ಲಬೇಕಾದವನು ನಾನು.

ಇಂತಿ,
ನಿವೃತ್ತ ಶಿಕ್ಷಕ