ಅರ್ಜಿ ಕಳಿಸುವ ಮೊದಲು ಪೋಡಿನಲ್ಲಿ ಓದಿ ಹೇಳು

ಪ್ರೀತಿಯ ಕೂಸೇ,

ಫೆಲೋಶಿಪ್‌ಗೆ, ಅಂದರೆ ಕಲಿಯಲು, ಕೆಲಸ ಮಾಡಲು ಸಿಗುವ ಆ ನೆರವಿಗೆ ಅರ್ಜಿ ಹಾಕಲಾ ಬೇಡವಾ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಾಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೇಗೆ ಹಾಕಬೇಕು ಅನ್ನುವುದರಲ್ಲಿ ನಿನ್ನ ಮಾವನಿಗೆ ಒಂದು ಹಟ ಇದೆ, ಅದನ್ನು ಪೂರ್ತಿ ಓದು.

ಮೊದಲು ನಿನ್ನ ಹೆದರಿಕೆಯ ವಿಷಯ. ದೊಡ್ಡ ಓದು ಇಲ್ಲ, ಇಂಗ್ಲಿಷ್ ಸರಾಗ ಇಲ್ಲ, ತಮಿಳುನಾಡಿನ ತಾಳವಾಡಿಯ ಕಾಡಂಚಿನ ಸೋಲಿಗರ ಹುಡುಗಿಯನ್ನು ಯಾರು ಆರಿಸುತ್ತಾರೆ ಅಂತ ನೀನು ಕುಗ್ಗಿ ಕೂತಿದ್ದೀಯ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 1997ರಿಂದ ಆದಿವಾಸಿಗಳಿಗಾಗಿಯೇ ಒಂದು ಫೆಲೋಶಿಪ್ ನಡೆಸುತ್ತಿದೆ, ಜಿನೀವಾದಲ್ಲಿ ತರಬೇತಿ. ಅದಕ್ಕೆ ದೊಡ್ಡ ಡಿಗ್ರಿ ಇರಲೇಬೇಕು ಅಂತ ಇಲ್ಲ. ಅವರು ಕೇಳುವುದು ಬೇರೆಯದು: ನಿನ್ನ ಸಮುದಾಯ ಅಥವಾ ನಿಮ್ಮವರದೇ ಸಂಘಟನೆ ನಿನ್ನ ಹಿಂದೆ ನಿಂತಿದೆಯಾ? ಕಾಲೇಜಿನ ಪ್ರಿನ್ಸಿಪಾಲರ ಸಹಿಗಿಂತ ಪೋಡಿನ, ಅಂದರೆ ನಮ್ಮ ಹಾಡಿಯ, ಯಜಮಾನರ ಮಾತಿಗೆ ಅಲ್ಲಿ ಬೆಲೆ ಜಾಸ್ತಿ. ಭಾಷೆ ಗೊತ್ತಿರಬೇಕು, ಅದು ನಿಜ. ಆದರೆ ಭಾಷೆ ಕಲಿಯಬಹುದು. ಪೋಡಿನ ನಂಬಿಕೆಯನ್ನು ಯಾವ ಕೋಚಿಂಗ್ ಸೆಂಟರಿನಲ್ಲೂ ಕಲಿಸುವುದಿಲ್ಲ.

ಎಲ್ಲ ಫೆಲೋಶಿಪ್ ಒಂದೇ ಅಲ್ಲ, ಇದನ್ನು ತಿಳಿದುಕೋ. ಕೇಂದ್ರದ ಬುಡಕಟ್ಟು ಸಚಿವಾಲಯ ವರ್ಷಕ್ಕೆ 750 ಮಂದಿಗೆ ಕೊಡುವುದು ಪಿಎಚ್‌ಡಿ ಥರದ ಸಂಶೋಧನೆಗೆ. ಒಳ್ಳೆಯದೇ, ಮುಂದೆ ಬೇಕಾದರೆ ಅದಕ್ಕೂ ಹಾಕು. ಆದರೆ ನೀನು ಈಗ ಹಿಡಿದಿರುವುದು ಊರಿನ ಕೆಲಸ. ಟಾಟಾ ಸ್ಟೀಲ್‌ನವರ ಪ್ರತಿಷ್ಠಾನ ಜೆಮ್‌ಶೆಡ್‌ಪುರದಲ್ಲಿ 2014ರಿಂದ ಸಂವಾದ್ ಅಂತ ಆದಿವಾಸಿಗಳ ದೊಡ್ಡ ಕೂಟ ನಡೆಸುತ್ತಿದೆ, ಆದಿವಾಸಿ ನಾಯಕ ಬಿರ್ಸಾ ಮುಂಡಾ ಹುಟ್ಟಿದ ನವೆಂಬರ್ 15ರ ಸುಮಾರಿಗೆ. ತಮ್ಮ ಜನರ ಭಾಷೆ, ಹಾಡು, ಪದ್ಧತಿಗಳನ್ನು ಉಳಿಸಲು ದುಡಿಯುವವರಿಗೆ ಅವರದೂ ಒಂದು ಫೆಲೋಶಿಪ್ ಇದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಅಟ್ಲಾಂಟಿಕ್ ಫೆಲೋಸ್ ಅಂತ ಇದೆ. ಅದು ನಮಗಲ್ಲ, ಆ ಕಡೆಯ ದೇಶಗಳವರಿಗೆ. ಆದರೂ ನೋಡಿ ಕಲಿಯುವಂಥದ್ದು. ಅಲ್ಲಿ ಮುಂದೆ ನಿಂತು ನಡೆಸುವವರೇ ಮೂಲನಿವಾಸಿಗಳು. ಬರುವವರು ತಮ್ಮ ಜನರ ನಡುವಿನ ಒಂದು ಕೆಲಸವನ್ನು ಹಿಡಿದುಕೊಂಡೇ ಬರಬೇಕು, ಮತ್ತು ಆ ಬಳಗ ವರ್ಷಕ್ಕೆ ಮುಗಿಯುವುದಿಲ್ಲ, ಜೀವನಪೂರ್ತಿ ಇರುತ್ತದೆ.

ಹಾಗಾಗಿ ಯಾವ ಫೆಲೋಶಿಪ್ ಕಣ್ಣಿಗೆ ಬಿದ್ದರೂ ಹಣ ಎಷ್ಟು ಅಂತ ನೋಡುವ ಮೊದಲು, ಆರಿಸುವವರಲ್ಲಿ ಆದಿವಾಸಿಗಳು ಇದ್ದಾರಾ ನೋಡು. ನೀನು ಬರೆದುಕೊಟ್ಟಿದ್ದು ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ ಅಂತ ಕೇಳು. ಕೇಳಿದ್ದಕ್ಕೆ ಸಿಡುಕಿದರೆ ಅಲ್ಲಿಗೇ ಬಿಟ್ಟುಬಿಡು.

ಈಗ ನನ್ನ ಹಟ. ಅರ್ಜಿಯಲ್ಲಿ ‘ನೀವು ತಂದ ಬದಲಾವಣೆ ಏನು’ ಅಂತ ಕೇಳುತ್ತಾರೆ. ಆಗ ನಮ್ಮ ಮಕ್ಕಳು ನಾನು, ನಾನು, ನಾನು ಅಂತ ಬರೆದುಬಿಡುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ನಮ್ಮವರಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಊರಿನವರೆಲ್ಲ ಸೇರಿ ಕಾಡನ್ನು ಬಳಸುವ ಹಕ್ಕು, ಸಿಕ್ಕಿತಲ್ಲ, ದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು. ಅದು ಒಬ್ಬರ ಹೆಸರಿಗೆ ಬಂದ ಪತ್ರವಲ್ಲ, ಗ್ರಾಮಸಭೆಗಳಿಗೆ ಬಂದಿದ್ದು. ಸೋಲಿಗರಲ್ಲಿ ಮೊದಲು ಪಿಎಚ್‌ಡಿ ಮಾಡಿದ ಡಾ. ಸಿ. ಮಾದೇಗೌಡರಂಥವರು ಓದಿದ್ದನ್ನು ಆ ಕೆಲಸಕ್ಕೆ ತಂದರು, ನಿಜ. ಆದರೆ ಜೇನು ಎಲ್ಲಿ ಕೀಳುತ್ತಿದ್ದೆವು, ದೇವರ ಜಾಗ ಯಾವುದು, ಹಳೆಯ ಪೋಡು ಎಲ್ಲಿತ್ತು ಅಂತ ಹೇಳಿದವರು ಶಾಲೆಯ ಮೆಟ್ಟಿಲು ಹತ್ತದ ಅಜ್ಜ ಅಜ್ಜಿಯರು. ತರಗೆಲೆಗೆ ನಮ್ಮವರು ಹಾಕುತ್ತಿದ್ದ ಸಣ್ಣ ಬೆಂಕಿ, ಅದೇ ತರಗು ಬೆಂಕಿ, ನಿಂತ ಮೇಲೆ ನೆಲ್ಲಿಮರಕ್ಕೆ ಉಪ್ಪಿಲು ಅನ್ನುವ ಬಂದಳಿಕೆ ಹತ್ತುವುದು ಜಾಸ್ತಿಯಾಯಿತು, ಲಂಟಾನ ಕಳೆ ಕಾಡನ್ನೇ ಮುಚ್ಚಿತು ಅಂತ ಅವರು ಎಷ್ಟೋ ಕಾಲದಿಂದ ಹೇಳುತ್ತಿದ್ದರು. ವಿಜ್ಞಾನಿಗಳು ಕೂತು ಕೇಳಿ ಬರೆದುಕೊಂಡಿದ್ದು ಆಮೇಲೆ.

ನಮ್ಮ ಈ ಕಡೆ ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ನೀನು ಪೋಡು ಪೋಡು ತಿರುಗಿ ಸಮುದಾಯದ ಅರಣ್ಯ ಹಕ್ಕು ಕೇಳುವ ಸಿ ಫಾರಂ ತುಂಬಿಸುತ್ತಿರುವುದು, ಗಡಿ ಗುರುತಿಸಿ ನಕ್ಷೆ ಬರೆಯುತ್ತಿರುವುದು ಸಣ್ಣ ಕೆಲಸ ಅಲ್ಲವೇ ಅಲ್ಲ. ಅರ್ಜಿಯಲ್ಲಿ ಅದನ್ನು ಧೈರ್ಯವಾಗಿ ಬರೆ. ಆದರೆ ಬರೆದದ್ದನ್ನು ಕಳಿಸುವ ಮೊದಲು ಪೋಡಿನಲ್ಲಿ ಎಲ್ಲರನ್ನೂ ಕೂರಿಸಿ ಓದಿ ಹೇಳು. ಇಂಗ್ಲಿಷಿನಲ್ಲಿ ಇದ್ದರೆ ನಮ್ಮ ನುಡಿಯಲ್ಲಿ ಬಿಡಿಸಿ ಹೇಳು. ಹೆಂಗಸರೂ ಕೂತಿರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲು ಅವರು ಇರಲೇಬೇಕು ಅಂತ ನಿಯಮವೇ ಇದೆ, ಆದರೆ ಹೆಸರು ಬರೆಸಿ ಸುಮ್ನೆ ಮನೆಗೆ ಕಳಿಸುವುದನ್ನು ನೀನೇ ನೋಡಿದ್ದೀಯ, ಅಲ್ವಾ? ಯಾರಾದರೂ ‘ಇದನ್ನು ಹಾಕಬೇಡ’ ಅಂದರೆ ಹಾಕಬೇಡ. ಔಷಧಿ ಬೇರು ಸಿಗುವ ಜಾಗ, ಹೆಜ್ಜೇನಿನ ಮರ, ಕುಲದೊಳಗಿನ ಪೂಜೆ ಇವೆಲ್ಲ ಅರ್ಜಿಯ ಹಾಳೆಗೆ ಬರಬೇಕಾದವಲ್ಲ. ಅವು ನಿನ್ನದೂ ಅಲ್ಲ, ನನ್ನದೂ ಅಲ್ಲ.

ಹಣದ ವಿಷಯವನ್ನು ಮುಚ್ಚಿಡಬೇಡ. ತಿಂಗಳಿಗೆ ಇಷ್ಟು ಬರುತ್ತದೆ, ಇಷ್ಟು ಓಡಾಟಕ್ಕೆ, ಇಷ್ಟು ನನ್ನ ಊಟಕ್ಕೆ ಅಂತ ಮೊದಲೇ ಎಲ್ಲರ ಮುಂದೆ ಹೇಳು. ಗುಸುಗುಸು ಶುರುವಾದರೆ ಕೆಲಸವೇ ನಿಂತುಹೋಗುತ್ತದೆ. ಇನ್ನೊಂದು, ಇದನ್ನು ಮರೆಯಲೇಬೇಡ: ಹಾಡು ಗೊತ್ತಿರುವ, ಕಾಡು ಗೊತ್ತಿರುವ ಹಿರಿಯರನ್ನು ಕೂರಿಸಿಕೊಂಡು ಇಡೀ ದಿನ ರೆಕಾರ್ಡ್ ಮಾಡುತ್ತೀಯಲ್ಲ, ಅವತ್ತು ಅವರ ಕೂಲಿ ಹೋಗಿರುತ್ತದೆ. ಬಜೆಟ್ಟಿನಲ್ಲಿ ‘ಹಿರಿಯರ ದಿನಗೂಲಿ’ ಅಂತ ಒಂದು ಸಾಲು ಬರೆ. ಕೊಡುವವರು ‘ಇದಕ್ಕೆ ಕಾಲಂ ಇಲ್ಲ’ ಅಂದರೆ ಕಾಲಂ ಮಾಡಿ ಅಂತ ಕೇಳು. ವರದಿಯಲ್ಲಿ ಹೆಸರು ಬೇಕಾ ಬೇಡವಾ ಅಂತ ಅವರನ್ನೇ ಕೇಳು. ಫೋಟೋ ತೆಗೆಯುವ ಮೊದಲೂ ಅಷ್ಟೇ.

ನೀನು ಒಂದು ವರ್ಷ ಹೊರಗೆ ಹೋದರೆ ನಕ್ಷೆಯ ಕೆಲಸ ಯಾರು ನೋಡುತ್ತಾರೆ ಅನ್ನುವುದನ್ನೂ ಈಗಲೇ ಯೋಚಿಸು. ನಿನ್ನ ಜೊತೆ ಓಡಾಡುವ ಆ ಇಬ್ಬರು ಹುಡುಗಿಯರಿಗೆ ಜಿಪಿಎಸ್ ಹಿಡಿಯುವುದನ್ನು, ಸಭೆಯ ನಡವಳಿ ಬರೆಯುವುದನ್ನು ಇವತ್ತಿನಿಂದಲೇ ಕಲಿಸು. ಆರಿಸುವವರಿಗೂ ಇದನ್ನೇ ಹೇಳು: ನಾನಿಲ್ಲದಾಗಲೂ ಕೆಲಸ ನಡೆಯುತ್ತದೆ ಅಂತ. ನಾನಾಗಿದ್ದರೆ ಈ ಒಂದು ಮಾತಿಗೇ ನಿನ್ನನ್ನು ಆರಿಸುತ್ತಿದ್ದೆ.

ಕಾಗದಪತ್ರದ ಕಡೆ ಗಮನ ಇರಲಿ. ನಮ್ಮ ಎಸ್‌ಟಿ ಸರ್ಟಿಫಿಕೇಟ್ ಕೊಡುವುದು ತಾಲ್ಲೂಕು ಕಚೇರಿಯಲ್ಲ, ಗೋಬಿಚೆಟ್ಟಿಪಾಳ್ಯದ ಆರ್‌ಡಿಒ, ಅಂದರೆ ಕಂದಾಯ ವಿಭಾಗಾಧಿಕಾರಿ. ತಮಿಳುನಾಡಿನ ಪಟ್ಟಿಯಲ್ಲಿ ನಾವು ‘ಶೋಲಗ’, ಚಾಮರಾಜನಗರದ ಕಡೆ ‘ಸೋಲಿಗ’. ಅರ್ಜಿಯಲ್ಲಿ ಸರ್ಟಿಫಿಕೇಟಿನಲ್ಲಿ ಇರುವ ಹಾಗೇ ಬರೆ, ಇಲ್ಲದಿದ್ದರೆ ಒಂದು ಅಕ್ಷರಕ್ಕೆ ವಾಪಸ್ ಬಂದೀತು.

ಕರಡು ಆದ ಮೇಲೆ ಭಾನುವಾರ ನೋಡಿಕೊಂಡು ಬಾ, ಅವತ್ತು ಎಲ್ಲರೂ ಮನೆಯಲ್ಲಿ ಇರುತ್ತಾರೆ. ಯಜಮಾನರಿಗೆ ನಾನು ಹೇಳಿಡುತ್ತೇನೆ. ಬಜೆಟ್ಟಿನ ಹಾಳೆಯನ್ನೂ ತಾ, ದಿನಗೂಲಿ ಎಷ್ಟು ಅಂತ ನೀನೊಬ್ಬಳೇ ಬರೆಯಬೇಡ, ಅವರನ್ನೇ ಕೇಳಿ ತುಂಬೋಣ.

ನಿನ್ನ ಮಾವ
ತಾಳವಾಡಿ