ಅದು ಗುಡಿಯ ವಿಗ್ರಹವಲ್ಲ, ಗಾಡಿಯ ಕಾವಲುಗಾರ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ಮನೆ ಅಲಂಕಾರದ ಪುಟದಲ್ಲಿ, ಸೋಫಾ ಪಕ್ಕದ ಮೇಜಿನ ಮೇಲೆ ಕೈಮುಗಿದು ನಿಂತ ಒಂದು ಮರದ ಗೊಂಬೆಯ ಚಿತ್ರವಿತ್ತು. ಕೆಳಗೆ ‘ಬರ್ಮಾ ದೇಗುಲದ ಪ್ರಾಚೀನ ವಿಗ್ರಹ’ ಎಂದು ಅಚ್ಚಾಗಿದೆ. ನನ್ನ ಕಣ್ಣು ಹೋಗಿದ್ದು ಗೊಂಬೆಯ ಕಾಲಡಿಗೆ. ಅಲ್ಲೊಂದು ದಪ್ಪ ತೊಲೆಯ ತುಂಡು, ಅದರಲ್ಲಿ ಅಡ್ಡಪಟ್ಟಿ ತೂರಿಸುವ ಚೌಕದ ತೂತು. ಗುಡಿಯಲ್ಲಿ ಕೂರುವ ದೇವರಿಗೆ ಆ ತೂತು ಯಾಕೆ? ಅದು ಎತ್ತಿನ ಗಾಡಿಯ ತುಂಡು ಸ್ವಾಮಿ.

ನಮ್ಮಪ್ಪ ಗಾಡಿ ಮಾಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. 2019ರ ಜನವರಿಯಲ್ಲಿ ಮಗಳು ಬರ್ಮಾದ ಹಳೇ ಗುಡಿಗಳ ಊರು ಬಗಾನ್‌ಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ಆನಂದ ಗುಡಿಯ ಜಾತ್ರೆಗೆ ಸುತ್ತಲಿನ ಹಳ್ಳಿಯವರು ಈಗಲೂ ಗಾಡಿ ಕಟ್ಟಿಕೊಂಡು ಬರುತ್ತಾರೆ. ಎಲ್ಲರೂ ಗೋಪುರ ನೋಡುತ್ತಿದ್ದರೆ ನಾನು ಗಾಡಿಗಳ ಸುತ್ತ ತಿರುಗುತ್ತಿದ್ದೆ. ಮಗಳಿಗೆ ಸ್ವಲ್ಪ ನಾಚಿಕೆಯೇ ಆಯಿತು. ಒಂದು ಹಳೇ ಗಾಡಿಯ ಹಿಂದೆ, ಪಕ್ಕದ ತೊಲೆಯ ತುದಿಯಲ್ಲಿ ಇಂಥದೇ ಗೊಂಬೆ ಇತ್ತು. ಅಂಟಿಸಿದ್ದಲ್ಲ, ಅದೇ ತೇಗದಲ್ಲಿ ಕೆತ್ತಿದ್ದು. ಮುಖ ಬಳಸಿದ ಸೋಪಿನ ಹಾಗೆ ಸವೆದಿತ್ತು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಗಾಡಿ ಹತ್ತುವ ಮಕ್ಕಳು, ಮುದುಕಿಯರು ಎಲ್ಲರೂ ಅದರ ತಲೆ ಹಿಡಿದೇ ಹತ್ತುತ್ತಿದ್ದರು. ಕಾಯುವವನು ಅಂದ್ರೆ ಹೀಗಿರಬೇಕು, ಅಲ್ವಾ?

ಬರ್ಮಾದವರು ಬುದ್ಧನನ್ನು ಪೂಜಿಸುತ್ತಾರೆ, ಜೊತೆಗೆ ‘ನಾಟ್’ ಎನ್ನುವ ಶಕ್ತಿಗಳನ್ನೂ ನಂಬುತ್ತಾರೆ. ದೊಡ್ಡ ನಾಟ್‌ಗಳು 37. ಮನೆ ಕಾಯುವವನು ಮಿನ್ ಮಹಾಗಿರಿ. ಅವನ ಕತೆ ಕೇಳಿದರೆ ಮರಗೆಲಸದವರಿಗೆ ಮೈ ಜುಂ ಎನ್ನುತ್ತದೆ. ಅವನು ತಗೌಂಗ್ ಊರಿನ ಬಲಶಾಲಿ ಕಮ್ಮಾರ. ಹೆದರಿದ ರಾಜ ಅವನನ್ನು ಸಂಪಿಗೆ ಮರಕ್ಕೆ ಕಟ್ಟಿ ಸುಟ್ಟ. ತಂಗಿಯೂ ಬೆಂಕಿಗೆ ಹಾರಿದಳು. ಇಬ್ಬರೂ ಆ ಮರದಲ್ಲೇ ನೆಲೆಸಿದರು. ಮರವನ್ನು ಐರಾವತಿ ನದಿಗೆ ಎಸೆದರೆ ತೇಲಿಕೊಂಡು ಬಗಾನ್‌ಗೆ ಬಂತು. ಅದರಲ್ಲೇ ಇಬ್ಬರ ಮೂರ್ತಿ ಕೆತ್ತಿಸಿ ಪೋಪಾ ಬೆಟ್ಟದಲ್ಲಿ ಇಟ್ಟರಂತೆ. ಅವನಿಗಾಗಿ ಮನೆಯಲ್ಲಿ ತೆಂಗಿನಕಾಯಿಗೆ ಕೆಂಪು ಬಟ್ಟೆ ಕಟ್ಟಿ ತೂಗುಹಾಕುತ್ತಾರೆ. ಸುಟ್ಟ ಗಾಯಕ್ಕೆ ಎಳನೀರು ತಂಪು ಅಂತ. ತಿಪಟೂರಿನವನಾದ ನನಗೆ ಇದು ತುಂಬಾ ಹಿಡಿಸಿತು.

ಮರದೊಳಗೆ ಯಾರೋ ಇದ್ದಾರೆ ಎಂದು ನಂಬುವ ಜನ ಗಾಡಿಯನ್ನು ಸುಮ್ನೆ ಬೋಳಾಗಿ ಬಿಡುತ್ತಾರಾ? ಗಾಡಿ ಹೋಗಿ ಕಾರು ಬಂದರೂ ಬಿಟ್ಟಿಲ್ಲ. ಯಾಂಗೊನ್‌ನಿಂದ ಬಾಗೊಗೆ ಹೋಗುವ ದಾರಿಯಲ್ಲಿ ಒಂದು ನಾಟ್ ಗುಡಿ ಇದೆ. ಹೆಸರು ಶ್ವೇ ನ್ಯಾಂಗ್‌ಬಿನ್, ಅಂದರೆ ಚಿನ್ನದ ಆಲದ ಮರ. ಹೊಸ ಕಾರು ಕೊಂಡವರು ಅಲ್ಲಿಗೆ ತಂದು, ಗುಡಿಯ ಮುಂದೆ ಮೂರು ಸಲ ಹಿಂದೆ ಮುಂದೆ ಓಡಿಸುತ್ತಾರೆ. ಕಾರು ನಮಸ್ಕಾರ ಮಾಡಿದ ಹಾಗೆ! ನಮ್ಮಲ್ಲಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುವವರು ನಗಬಾರದು.

ನನ್ನ ಕೋರಿಕೆ ಇಷ್ಟೇ. ದಯವಿಟ್ಟು ಒಂದು ತಿದ್ದುಪಡಿ ಹಾಕಿ. ದೇಗುಲದ್ದು ಅಂದರೆ ಬೆಲೆ ಜಾಸ್ತಿ, ಗಾಡಿಯದ್ದು ಅಂದರೆ ಕಡಿಮೆ ಅಂತ ಅಂಗಡಿಯವರು ಹಾಗೆ ಹೇಳಿರಬಹುದು. ಆದರೆ ಅದನ್ನು ಕೆತ್ತಿದ ಬಡಗಿಗೆ ಅದು ಗಾಡಿ. ಇನ್ನೊಂದು ಮಾತು. ನಿಮ್ಮ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೂರು ಬದಿ ಬಿಸಿಲು ಮಳೆಗೆ ಬೂದು ಬಣ್ಣಕ್ಕೆ ತಿರುಗಿದೆ. ನಾಲ್ಕನೆಯದು ಮಾತ್ರ ಕೆಂಚಗೆ, ಗರಗಸದ ಗೀರು ಇನ್ನೂ ಕಾಣುತ್ತದೆ. ಯಾರೋ ಈಚೆಗೆ ಕೊಯ್ದು ತೆಗೆದಿದ್ದಾರೆ. ಗಾಡಿಗೆ ಎರಡು ಬದಿ ಇರುತ್ತದೆ. ಇದರ ಜೋಡಿ ಎಲ್ಲಿದೆ ಅಂತ ಆ ಮನೆಯವರನ್ನು ಕೇಳಿ ತಿಳಿಸುತ್ತೀರಾ?

— ನಿವೃತ್ತ ಮರಗೆಲಸದ ಮೇಷ್ಟ್ರು, ತಿಪಟೂರು