ಕೈ ನಡುಕದ ಮಾತು

ನೀರ್ಚಾಲು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳಿಗೆ ದೊಡ್ಡಮ್ಮ ಬರೆಯುತ್ತಾಳೆ. ಕೊನೆಗೆ ಒಂದು ಸಾಲು ಹಾಕಿದ್ದೀಯಲ್ಲ, ‘ಚಿಟ್ಟೆಯ ಚಿತ್ರ ಒಂದೂ ಸ್ಪಷ್ಟ ಬರುವುದಿಲ್ಲ, ಅಜ್ಜನ ಕೈ ನಡುಕ ನನಗೂ ಬಂತೇನೋ’ ಎಂದು, ಅದನ್ನು ಓದಿದ ಮೇಲೆ ನನಗೆ ಮಧ್ಯಾಹ್ನದ ನಿದ್ದೆ ಹತ್ತಲಿಲ್ಲ.

ಎದ್ದು ಕನ್ನಡಕ ಒರೆಸಿ, ನೀನು ಕಳುಹಿಸಿದ ಚಿತ್ರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕೇಪುಳದ ಮೇಲಿನ ಆ ಕಪ್ಪು ಚಿಟ್ಟೆಯ ಕಣ್ಣು ಮಬ್ಬು, ನಿಜ. ಆದರೆ ಅದರ ಹಿಂದಿನ ಹೂವಿನ ನಾಲ್ಕು ಎಸಳು ನೋಡು. ಎಸಳಿನ ಮೇಲೊಂದು ಇರುವೆ ಇದೆ, ಅದರ ಕಾಲು ಎಣಿಸಬಹುದು. ಕೈ ನಡುಗಿದ್ದರೆ ಇರುವೆಯೂ ಗೀಟಾಗಬೇಕಿತ್ತು, ಪುಟ್ಟಿ. ಇಲ್ಲಿ ಫೋಕಸ್ ಹಿಂದಿನ ಹೂವಿಗೆ ಹೋಗಿ ಕುಳಿತಿದೆ, ಅಷ್ಟೆ. ಅಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಒಂದೆರಡು ಮಿಲಿಮೀಟರ್, ಕೆಲವೊಮ್ಮೆ ಅದಕ್ಕೂ ಕಡಿಮೆ. ನಿಂತಲ್ಲೇ ಉಸಿರಾಡಿದರೂ ಮೈ ಅದಕ್ಕಿಂತ ಹೆಚ್ಚು ತೂಗಾಡುತ್ತದೆ, ಯಾರ ಮೈಯಾದರೂ. ರೆಕ್ಕೆ ಮಸುಕಾದದ್ದಂತೂ ಚಿಟ್ಟೆಯದೇ ಕೆಲಸ. ಆ ಜಾತಿಯವು ಮಧು ಹೀರುವಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತವೆ. ಷಟರ್ ತೆರೆದು ಮುಚ್ಚುವ ವೇಗವನ್ನು ಸೆಕೆಂಡಿನ 1/1000ಕ್ಕೆ ಏರಿಸಿ ನೋಡು.

ನಿನ್ನ ಪ್ರಾಯದಲ್ಲಿ ನನ್ನ ಬಳಿಯೂ ಒಂದು ಕ್ಯಾಮೆರಾ ಇತ್ತು. ಮಳೆ ಬಿಟ್ಟ ಮೇಲೆ ಪಾರೆಯ ಕಲ್ಲುಬಯಲಿನಲ್ಲಿ ನೀಲಿ ಹೂ ಏಳುತ್ತದಲ್ಲ, ಮಲಯಾಳಿಗಳು ಓಣಕ್ಕೆ ಕೊಯ್ಯುವ ಕಾಕ್ಕಪ್ಪೂವು, 36 ಚಿತ್ರದ ಫಿಲ್ಮ್ ರೋಲನ್ನು ಪೂರಾ ಅದಕ್ಕೇ ಸುರಿದಿದ್ದೆ. ತೊಳೆಸಿ ತಂದರೆ ಎಲ್ಲವೂ ಮಂಜು. ‘ಕೈ ಅಲುಗಿದೆ’ ಎಂದ, ತೊಳೆದುಕೊಟ್ಟವನು. ಆಗಷ್ಟೇ ಅಪ್ಪನ ಕೈ ನಡುಗತೊಡಗಿತ್ತು. ನನಗೂ ಅದೇ ಎಂದು ತೀರ್ಮಾನಿಸಿ ಕ್ಯಾಮೆರಾವನ್ನು ಅಟ್ಟಕ್ಕೆ ಹಾಕಿದೆ. ಅಲ್ಲೇ ಲೆನ್ಸಿಗೆ ಬೂಸಲು ಹಿಡಿಯಿತು. ಮೂರಡಿಗಿಂತ ಹತ್ತಿರದ್ದು ಆ ಲೆನ್ಸಿಗೆ ಎಟುಕುತ್ತಲೇ ಇರಲಿಲ್ಲ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಪ್ಪನದು ಸುಮ್ಮನೆ ಕುಳಿತಾಗ ಕಾಣದ ನಡುಕ. ಎಲೆಗೆ ಸುಣ್ಣ ಹಚ್ಚಲು ಬೆರಳು ಎತ್ತಿದರೆ ಶುರುವಾಗುತ್ತಿತ್ತು. ಸುಣ್ಣ ಎಲೆ ಬಿಟ್ಟು ಪಂಚೆಗೆ ಬೀಳುತ್ತಿತ್ತು. ನಾನು ಅವಸರದವನು, ಎಲೆ ಕಸಿದುಕೊಂಡು ಹಚ್ಚಿ ಕೊಡುತ್ತಿದ್ದೆ. ಬರಬರುತ್ತಾ ಅವರು ನನ್ನೆದುರು ಎಲೆತಟ್ಟೆಗೆ ಕೈಯನ್ನೇ ಹಾಕುತ್ತಿರಲಿಲ್ಲ. ಇದನ್ನು ನಿನ್ನಪ್ಪನಿಗೂ ಹೇಳಿಲ್ಲ.

ಅಂಥ ನಡುಕ ಮನೆತನದಲ್ಲಿ ಇಳಿದು ಬರುವುದುಂಟು, ಸುಳ್ಳು ಹೇಳಲಾರೆ. ಆದರೆ ಅದನ್ನು ಚಿಟ್ಟೆಯ ಚಿತ್ರದಲ್ಲಿ ಹುಡುಕಬೇಡ. ಕಣ್ಣಿಗೆ ಕಾಣದಷ್ಟು ನಡುಕ ಎಲ್ಲರ ಕೈಯಲ್ಲೂ ಇದೆ. ಕಾಫಿ ಹೆಚ್ಚಾದರೆ, ನಿದ್ದೆಗೆಟ್ಟರೆ ಅದು ಎದ್ದು ಕಾಣುತ್ತದೆ. ನೀನು ಪರೀಕ್ಷೆಗೆ ಓದುವ ರೀತಿ ನನಗೆ ಗೊತ್ತು. ಲೋಟಕ್ಕೆ ಮುಕ್ಕಾಲು ಭಾಗ ನೀರು ತುಂಬಿಸಿ ಬಾಯಿಯವರೆಗೆ ಎತ್ತಿ ನೋಡು. ದಿನವೂ ತುಳುಕಿದರೆ ವೈದ್ಯರಿಗೆ ತೋರಿಸೋಣ. ಒಬ್ಬಳೇ ಹೋಗಬೇಡ.

ಚಿತ್ರದ ವಿಷಯ ನನಗಿಂತ ನಿನಗೇ ಹೆಚ್ಚು ಗೊತ್ತಿರಬಹುದು, ಆದರೂ ಬರೆಯುತ್ತೇನೆ. ಬೆಳಗ್ಗೆ ಬೇಗ ಹೋಗು. ಮೈ ಬಿಸಿಯಾಗುವವರೆಗೆ ಚಿಟ್ಟೆ ದೂರ ಹಾರುವುದಿಲ್ಲ. ಭುಜವನ್ನು ಅಡಿಕೆ ಮರಕ್ಕೆ ಒರಗಿಸು, ಇಲ್ಲವೇ ಕುಕ್ಕರಗಾಲಲ್ಲಿ ಕುಳಿತು ಮೊಣಕೈಯನ್ನು ಮೊಣಕಾಲಿಗೆ ಊರು. ಫೋಕಸನ್ನು ಒಂದು ಅಂತರಕ್ಕೆ ನಿಲ್ಲಿಸಿ, ನೀನೇ ಕೂದಲೆಳೆಯಷ್ಟು ಮುಂದೆ ಬಾಗು, ಕಣ್ಣು ಸ್ಪಷ್ಟವಾದ ಕೂಡಲೇ ನಾಲ್ಕೈದು ಒಟ್ಟಿಗೆ ಹೊಡೆ. ಮಡಚಿದ ರೆಕ್ಕೆಗೆ ಕ್ಯಾಮೆರಾ ನೇರ ಎದುರಾಗಿರಲಿ, ಆಗ ಆ ತೆಳು ಪದರದಲ್ಲೇ ಇಡೀ ರೆಕ್ಕೆ ಸಿಗುತ್ತದೆ. ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಅಪರ್ಚರ್, 8 ಅಥವಾ 11 ಸಾಕು. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ, ಆಗಲಿ. ನನ್ನ ಕಾಲದ ಹಾಗೆ ರೋಲಿಗೆ ದುಡ್ಡು ಕೊಡಬೇಕಾಗಿಲ್ಲವಲ್ಲ.

ರಜೆಗೆ ಬರುವಾಗ ಕ್ಯಾಮೆರಾ ತಾ. ಬಾವಿಕಟ್ಟೆಯ ಹತ್ತಿರದ ಕೇಪುಳವನ್ನು ಈ ಸಲ ಸವರಬಾರದೆಂದು ಆಳಿಗೆ ಹೇಳಿದ್ದೇನೆ. ಪತ್ರಕ್ಕೆ ನಿಧಾನವಾಗಿ ಉತ್ತರಿಸು. ಲೋಟದ ನೀರು ಏನಾಯಿತೆಂದು ಮಾತ್ರ ಇವತ್ತೇ ಫೋನ್ ಮಾಡಿ ಹೇಳು.

ನಿನ್ನ
ದೊಡ್ಡಪ್ಪ